ಕಠ್ಮಂಡುವಿನ ಅಡುಗೆಮನೆಯಿಂದ ಕಂಡ ಭಾರತ

ಕನ್ನಡ ಪತ್ರಿಕೆಗಳಲ್ಲಿ ‘ದೊಡ್ಡಣ್ಣ’ ಎಂದರೆ ಅಮೆರಿಕ. ಇರಾಕ್‌ಗೆ ನುಗ್ಗಿದರೆ ದೊಡ್ಡಣ್ಣನ ದರ್ಪ, ಸುಂಕ ಏರಿಸಿದರೆ ದೊಡ್ಡಣ್ಣನ ಬರೆ. ಶೀರ್ಷಿಕೆ ಬರೆಯುವವರು ಹೆಚ್ಚು ಯೋಚಿಸಬೇಕಾಗಿಯೇ ಇಲ್ಲ. ಆದರೆ ಕಠ್ಮಂಡು, ಕೊಲಂಬೊ, ಮಾಲೆ, ಢಾಕಾಗಳಲ್ಲಿ ದೊಡ್ಡಣ್ಣನ ಮಾತು ಬಂದರೆ ಬೊಟ್ಟು ತಿರುಗುವುದು ದೆಹಲಿಯ ಕಡೆಗೆ. ಇದನ್ನು ಕೇಳಿದರೆ ನಮಗೆ ಬೇಸರವಾಗುತ್ತದೆ. ಬಾಂಗ್ಲಾದೇಶ ಹುಟ್ಟುವಾಗ ರಕ್ತ ಸುರಿಸಿದವರಲ್ಲಿ ನಮ್ಮ ಯೋಧರೂ ಇದ್ದರು, ನೇಪಾಳದಲ್ಲಿ ಭೂಮಿ ನಡುಗಿದಾಗ ಕೆಲವೇ ತಾಸುಗಳಲ್ಲಿ ನಮ್ಮ ವಿಮಾನಗಳು ಅಲ್ಲಿ ಇಳಿದವು, 2014ರ ಡಿಸೆಂಬರ್‌ನಲ್ಲಿ ಮಾಲೆ ನಗರದ ನೀರಿನ ಘಟಕ ಸುಟ್ಟಾಗ ಕುಡಿಯುವ ನೀರನ್ನು ವಿಮಾನದಲ್ಲಿ ಹೊತ್ತೊಯ್ದದ್ದೂ ನಾವೇ. ಇಷ್ಟಾದ ಮೇಲೂ ಈ ಮಾತೇ ಎಂದು ಮನಸ್ಸು ಕುದಿಯುತ್ತದೆ.

ನಮ್ಮ ಬೇಸರ ಸುಳ್ಳಲ್ಲ, ಅವರ ಬೊಟ್ಟೂ ಸುಳ್ಳಲ್ಲ. ನೆರೆಯವರ ವ್ಯವಹಾರದಲ್ಲಿ ಭಾರತ ಹಲವು ಬಾರಿ ಕೈಹಾಕಿದೆ. ಹಾಗೆ ಹಾಕಿದಾಗಲೆಲ್ಲ ಒಂದೇ ಬಗೆಯ ಗಾಯವಾಗಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಸೈನಿಕರು ಎಲ್ಲರ ಕಣ್ಣೆದುರು ಬಂದು, ಬಂದ ಕೆಲಸ ಮುಗಿಸಿ ಹೊರಟುಹೋದ ಕಡೆ ಕಹಿ ಕಡಿಮೆ ಉಳಿದಿದೆ. ಕೈಯನ್ನೂ ಹಾಕಿ, ಅದು ನಮ್ಮ ಕೈಯೇ ಅಲ್ಲ ಎಂದ ಕಡೆ ಕಹಿ ತಲೆಮಾರು ದಾಟಿದೆ. ಇನ್ನೂ ಒಂದು ಮಾತಿದೆ. ನಾವು ಈ ಇತಿಹಾಸವನ್ನು ಯುದ್ಧ ಸ್ಮಾರಕ, ಪದಕ, ವಿಜಯ ದಿನಗಳಲ್ಲಿ ನೆನೆಯುತ್ತೇವೆ. ಅವರು ಅದನ್ನು ಸೀಮೆಎಣ್ಣೆ, ಬೇಳೆ, ಗ್ಯಾಸ್ ಸಿಲಿಂಡರ್‌ಗಳಲ್ಲಿ ನೆನೆಯುತ್ತಾರೆ.

ಅರ್ಧ ಸಿಲಿಂಡರ್

2015ರ ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳ ಸುಮಾರು 9,000 ಜನರನ್ನು ಕಳೆದುಕೊಂಡಿತು. ಭಾರತದ ‘ಆಪರೇಷನ್ ಮೈತ್ರಿ’ಯ ನೆರವು ಮೊದಲ ದಿನವೇ ತಲುಪಿತ್ತು. ಆಗ ಅಲ್ಲಿ ಭಾರತದ ಬಗ್ಗೆ ಇದ್ದ ಸದ್ಭಾವನೆ ಇನ್ನೊಂದು ಹತ್ತು ವರ್ಷಕ್ಕೆ ಸಾಲುವಷ್ಟಿತ್ತು. ಅದು ಐದು ತಿಂಗಳೂ ಬಾಳಲಿಲ್ಲ.

ಸೆಪ್ಟೆಂಬರ್ 20ರಂದು ನೇಪಾಳ ಹೊಸ ಸಂವಿಧಾನವನ್ನು ಘೋಷಿಸುವುದಿತ್ತು. ಪೌರತ್ವ, ಕ್ಷೇತ್ರ ವಿಂಗಡಣೆ, ಪ್ರಾಂತ್ಯಗಳ ಗಡಿ ಈ ಮೂರರಲ್ಲೂ ತಮಗೆ ಮೋಸವಾಗಿದೆ ಎಂದು ಭಾರತದ ಗಡಿಗೆ ಹೊಂದಿದ ತರಾಯಿ ಬಯಲಿನ ಮಧೇಸಿಗಳು ಬೀದಿಗಿಳಿದಿದ್ದರು. ಪ್ರತಿಭಟನೆಗಳಲ್ಲಿ ಪೊಲೀಸರೂ ಸೇರಿ 40ಕ್ಕೂ ಹೆಚ್ಚು ಜನ ಸತ್ತಿದ್ದರು. ಅವರ ದೂರಿನಲ್ಲಿ ಹುರುಳಿತ್ತು. ಸಂವಿಧಾನ ಘೋಷಣೆಗೆ ಎರಡು ದಿನ ಉಳಿದಿರುವಾಗ ಭಾರತದ ಅಂದಿನ ವಿದೇಶಾಂಗ ಕಾರ್ಯದರ್ಶಿ ಎಸ್. ಜೈಶಂಕರ್ ಪ್ರಧಾನಿಯ ವಿಶೇಷ ದೂತರಾಗಿ ಕಠ್ಮಂಡುವಿಗೆ ಬಂದಿಳಿದರು. ಎಲ್ಲರನ್ನೂ ಒಳಗೊಳ್ಳಿ ಎಂಬ ಅವರ ಸಲಹೆ ಸರಿಯಾದದ್ದೇ. ಆದರೆ ವರ್ಷಗಟ್ಟಲೆ ಹೆಣಗಿ ಬರೆದ ಸಂವಿಧಾನಕ್ಕೆ ಹಸೆಮಣೆ ಹಾಕಿದ ಮೇಲೆ ಬಂದು ಜಾತಕ ಕೂಡುವುದಿಲ್ಲ ಎಂದರೆ ಕೇಳುವವರಾರು? ಸಂವಿಧಾನ ಜಾರಿಗೆ ಬಂತು. ಅದಾದ ಕೆಲವೇ ದಿನಗಳಲ್ಲಿ ಬಿಹಾರದ ರಕ್ಸೌಲ್‌ನಿಂದ ಬೀರ್‌ಗಂಜ್‌ಗೆ ದಾಟುವ ಸೇತುವೆಯ ಈಚೆ ಲಾರಿಗಳು ಸಾಲುಗಟ್ಟಿ ನಿಂತವು.

ನೇಪಾಳಕ್ಕೆ ಸಮುದ್ರವಿಲ್ಲ. ಉತ್ತರದಲ್ಲಿ ಹಿಮಾಲಯ, ಉಳಿದ ಮೂರೂ ದಿಕ್ಕಿನಲ್ಲಿ ಭಾರತ. ಆಗ ಪೆಟ್ರೋಲ್, ಡೀಸೆಲ್, ಅಡುಗೆ ಅನಿಲವೆಲ್ಲ ಬರುತ್ತಿದ್ದುದು ಇಂಡಿಯನ್ ಆಯಿಲ್‌ನಿಂದಲೇ. ದಸೈಂ ಹಬ್ಬ ಬಂತು, ತಿಹಾರ್ ಬಂತು, ಚಳಿಗಾಲ ಬಂತು, ಲಾರಿಗಳು ಮಾತ್ರ ಬರಲಿಲ್ಲ. ಆಸ್ಪತ್ರೆಗಳಲ್ಲಿ ಔಷಧ ಕಡಿಮೆಯಾಯಿತು. ಭೂಕಂಪದಲ್ಲಿ ಮನೆ ಕಳೆದುಕೊಂಡು ತಗಡಿನಡಿ ಮಲಗಿದ್ದವರಿಗೆ ಸಾಮಾನು ಸಾಗಿಸುವುದೂ ನಿಂತಿತು. ಕಠ್ಮಂಡುವಿನ ಮಹಡಿ ಮನೆಗಳ ತಾರಸಿಯ ಮೇಲೆ ಜನ ಸೌದೆ ಒಲೆ ಹೂಡಿದರು. ಸಿಲಿಂಡರ್‌ಗಳನ್ನು ಅರ್ಧ ತುಂಬಿಸಿ ಹಂಚುವ ವ್ಯವಸ್ಥೆ ಬಂತು. ಇದು ನಡೆದದ್ದು ಹೆಚ್ಚುಕಡಿಮೆ ನಾಲ್ಕೂವರೆ ತಿಂಗಳು, 2016ರ ಫೆಬ್ರುವರಿಯವರೆಗೆ.

ದೆಹಲಿಯ ವಿವರಣೆ ಒಂದೇ: ನಾವು ಯಾವ ದಿಗ್ಬಂಧನವನ್ನೂ ಹೇರಿಲ್ಲ, ಅಡ್ಡಿ ಇರುವುದು ನೇಪಾಳದ ನೆಲದಲ್ಲಿ, ಪ್ರತಿಭಟನೆಯಿಂದಾಗಿ ಲಾರಿ ಚಾಲಕರಿಗೆ ಭಯ. ಇದರಲ್ಲಿ ಅಕ್ಷರಶಃ ಸುಳ್ಳಿಲ್ಲ. ಮಧೇಸಿ ಪ್ರತಿಭಟನಾಕಾರರು ಸೇತುವೆಯ ಮೇಲೆ ಕುಳಿತಿದ್ದುದು ನಿಜ. ಆದರೆ ಪ್ರತಿಭಟನೆಯೇ ಇಲ್ಲದ ಗಡಿದಾರಿಗಳಲ್ಲೂ ಇಂಧನ ಟ್ಯಾಂಕರ್‌ಗಳು ತೆವಳುತ್ತಿದ್ದುದು ಏಕೆ ಎಂದು ಕೇಳಿದರೆ ಉತ್ತರವಿರಲಿಲ್ಲ. ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಗೃಹಿಣಿಗೆ ಈ ನಿರಾಕರಣೆ ಮೂಲ ಪೆಟ್ಟಿಗಿಂತ ದೊಡ್ಡ ಅವಮಾನವಾಗಿ ಕಂಡಿತು. ನಾನು ಈ ಪ್ರಕರಣವನ್ನು ಇಷ್ಟು ಎಳೆದು ಹೇಳುತ್ತಿರುವುದು ಅದಕ್ಕೇ.

ಇದರಿಂದ ಭಾರತಕ್ಕೆ ದಕ್ಕಿದ್ದೇನು? ಚೀನಾ ಹದಿಮೂರು ಲಕ್ಷ ಲೀಟರ್ ಪೆಟ್ರೋಲನ್ನು ಉಚಿತವಾಗಿ ಕಳಿಸಿತು. ಲೆಕ್ಕಕ್ಕೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಆದರೆ ಅದರ ಫೋಟೊ ಎಲ್ಲರ ಮನದಲ್ಲಿ ಉಳಿಯಿತು. ಪ್ರಧಾನಿ ಕೆ.ಪಿ. ಶರ್ಮಾ ಒಲಿ 2016ರ ಮಾರ್ಚ್‌ನಲ್ಲಿ ಬೀಜಿಂಗ್‌ಗೆ ಹೋಗಿ ಸರಕು ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿ ಬಂದರು. ಮರುವರ್ಷದ ಚುನಾವಣೆಯಲ್ಲಿ ‘ಭಾರತಕ್ಕೆ ಬಗ್ಗದ ನಾಯಕ’ ಎಂಬ ಬಿರುದೇ ಅವರ ಬಂಡವಾಳವಾಯಿತು, ಎಡಪಕ್ಷಗಳ ಕೂಟ ಮೂರನೇ ಎರಡರ ಸಮೀಪದ ಬಹುಮತ ಪಡೆಯಿತು. ಯಾವ ಮಧೇಸಿಗಳ ಹೆಸರಿನಲ್ಲಿ ಇಷ್ಟೆಲ್ಲ ನಡೆಯಿತೋ ಅವರನ್ನು ‘ಭಾರತದ ಜನ’ ಎಂದು ಹಂಗಿಸುವವರಿಗೆ ಇನ್ನೊಂದು ಅಸ್ತ್ರ ಸಿಕ್ಕಿತು.

ಎರಡು ಬಂಡೆಗಳ ನಡುವಿನ ಗೆಣಸು

ನೇಪಾಳವನ್ನು ಒಂದುಗೂಡಿಸಿದ ಪೃಥ್ವಿ ನಾರಾಯಣ ಶಾ ಹದಿನೆಂಟನೇ ಶತಮಾನದಲ್ಲೇ ತನ್ನ ರಾಜ್ಯವನ್ನು ಎರಡು ಬಂಡೆಗಳ ನಡುವಿನ ಗೆಣಸು ಎಂದು ಕರೆದಿದ್ದ. ಅಲ್ಲಿನ ಶಾಲಾಮಕ್ಕಳಿಗೂ ಗೊತ್ತಿರುವ ಮಾತು ಅದು. ನಾವು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎನ್ನುತ್ತೇವಲ್ಲ, ಹಾಗೆ. ಭೂಪಟದಲ್ಲಿ ನೋಡಿ: ನೇಪಾಳ, ಭೂತಾನ್, ಬಾಂಗ್ಲಾದೇಶ ಮೂರಕ್ಕೂ ಭಾರತದೊಂದಿಗೆ ಗಡಿಯಿದೆ, ಪರಸ್ಪರ ಗಡಿಯಿಲ್ಲ. ಒಬ್ಬರಿಂದೊಬ್ಬರಿಗೆ ಹೋಗಬೇಕಾದರೆ ನಮ್ಮ ಅಂಗಳ ದಾಟಬೇಕು. ಅಂಗಳದವನಿಗೆ ಇದು ಸಹಜವಾಗಿ ಕಾಣುತ್ತದೆ. ದಾಟುವವನಿಗೆ ಪ್ರತಿ ಬಾರಿಯೂ ಗೇಟು ಕಾಣುತ್ತದೆ.

ಈ ಗೇಟನ್ನು ಕಟ್ಟಿದ್ದು ಬ್ರಿಟಿಷರು. ಹಿಮಾಲಯದ ರಾಜ್ಯಗಳು ತಮ್ಮ ಸಾಮ್ರಾಜ್ಯಕ್ಕೆ ಬೇಲಿಯಾಗಿರಬೇಕು ಎಂಬುದು ಅವರ ಲೆಕ್ಕ. 1947ರ ನಂತರ ದೆಹಲಿ ಅದೇ ಲೆಕ್ಕಪುಸ್ತಕವನ್ನು ಮುಂದುವರಿಸಿತು. 1949ರ ಆಗಸ್ಟ್‌ನಲ್ಲಿ ಭೂತಾನ್ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ ಅದರ ವಿದೇಶಾಂಗ ವ್ಯವಹಾರ ಭಾರತದ ಸಲಹೆಯಂತೆ ನಡೆಯಬೇಕಿತ್ತು. ಆ ಸಾಲು ಕಾಗದದಿಂದ ಹೋದದ್ದು 2007ರಲ್ಲಿ. 1950ರ ಡಿಸೆಂಬರ್‌ನಲ್ಲಿ ಸಿಕ್ಕಿಂ ಸಂರಕ್ಷಿತ ರಾಜ್ಯವಾಯಿತು. ಅದೇ ವರ್ಷ ಜುಲೈ 31ರಂದು ನೇಪಾಳದೊಂದಿಗೆ ಶಾಂತಿ ಮತ್ತು ಸ್ನೇಹ ಒಪ್ಪಂದವಾಯಿತು. ಅದಕ್ಕೆ ನೇಪಾಳದ ಕಡೆಯಿಂದ ಸಹಿ ಹಾಕಿದ್ದು ಪ್ರಧಾನಿ ಮೋಹನ್ ಶಮ್ಶೇರ್ ರಾಣಾ, ನಮ್ಮ ಕಡೆಯಿಂದ ರಾಯಭಾರಿ. ಪ್ರಧಾನಿಗೆ ಎದುರಾಗಿ ರಾಯಭಾರಿ ಕುಳಿತ ಆ ದೃಶ್ಯವನ್ನು ನೇಪಾಳಿಗಳು ಇಂದಿಗೂ ಮರೆತಿಲ್ಲ. ಸಹಿಯಾದ ನಾಲ್ಕನೇ ತಿಂಗಳಲ್ಲೇ ರಾಜ ತ್ರಿಭುವನ್ ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯೊಳಗೆ ಆಶ್ರಯ ಪಡೆದು ದೆಹಲಿಗೆ ಹಾರಿದ, ರಾಣಾಗಳ ನೂರು ವರ್ಷದ ಆಡಳಿತ ಕುಸಿಯಿತು, ಹೊಸ ವ್ಯವಸ್ಥೆಯ ಸಂಧಾನ ನಡೆದದ್ದು ದೆಹಲಿಯಲ್ಲೇ.

ಅದೇ 1950ರ ಒಪ್ಪಂದದ ಬಲದಿಂದ ನೇಪಾಳದ ತರುಣನೊಬ್ಬ ವೀಸಾ ಇಲ್ಲದೆ ಬೆಂಗಳೂರಿಗೆ ಬಂದು ಹೋಟೆಲಿನಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ದುಡಿಯಬಹುದು ಎಂಬುದನ್ನೂ ಹೇಳಲೇಬೇಕು. ಯಾವ ಪಕ್ಷವಾದರೂ ಒಂದು ವರ್ಷದ ನೋಟಿಸ್ ಕೊಟ್ಟು ಒಪ್ಪಂದವನ್ನು ಕೊನೆಗೊಳಿಸಬಹುದು ಎಂದು ಅದರ ಹತ್ತನೇ ವಿಧಿ ಹೇಳುತ್ತದೆ. ಅದನ್ನು ಬಯ್ಯದ ನೇಪಾಳಿ ಪ್ರಧಾನಿ ಅಪರೂಪ, ನೋಟಿಸ್ ಕೊಟ್ಟವರು ಒಬ್ಬರೂ ಇಲ್ಲ. ಪರಿಷ್ಕರಣೆಗೆಂದು ಎರಡೂ ದೇಶಗಳ ಗಣ್ಯರ ತಂಡ ರಚಿಸಿ, 2018ರಲ್ಲಿ ವರದಿ ಸಿದ್ಧವಾದಾಗ ಅದನ್ನು ಸ್ವೀಕರಿಸಲು ದೆಹಲಿಗೆ ಪುರುಸೊತ್ತಾಗಲಿಲ್ಲ.

2015ಕ್ಕೆ ಮೊದಲೇ ಗೇಟು ಒಮ್ಮೆ ಮುಚ್ಚಿತ್ತು. ನೇಪಾಳ 1988ರಲ್ಲಿ ಚೀನಾದಿಂದ ವಿಮಾನ ನಿರೋಧಕ ತೋಪುಗಳನ್ನು ತರಿಸಿಕೊಂಡಿತು. ರಾಜೀವ್ ಗಾಂಧಿ ಸರ್ಕಾರ 1989ರ ಮಾರ್ಚ್ 23ರಂದು ವಾಣಿಜ್ಯ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿಯಲು ಬಿಟ್ಟು 15 ಸಾಗಣೆ ದಾರಿಗಳಲ್ಲಿ 13ನ್ನು ಮುಚ್ಚಿತು. ಸೀಮೆಎಣ್ಣೆಗೆ ಸಾಲು, ಕಾಡಿಗೆ ಕೊಡಲಿ. ಮರುವರ್ಷವೇ ಜನಾಂದೋಲನಕ್ಕೆ ಮಣಿದು ರಾಜ ಬೀರೇಂದ್ರ ಬಹುಪಕ್ಷ ಪದ್ಧತಿಗೆ ಒಪ್ಪಿದ. ನೇಪಾಳದ ಪ್ರಜಾಪ್ರಭುತ್ವಕ್ಕೆ ಭಾರತದ ಒತ್ತಡ ನೆರವಾಯಿತೇ? ಸ್ವಲ್ಪಮಟ್ಟಿಗೆ ಹೌದು ಎಂದೇ ನನ್ನ ಲೆಕ್ಕ. ಆದರೆ ಅದಕ್ಕೆ ಯಾರೂ ಕೃತಜ್ಞತೆ ಹೇಳಿದ್ದನ್ನು ನಾನು ಕಾಣೆ. ಸೀಮೆಎಣ್ಣೆಯ ಸಾಲು ಮಾತ್ರ ಎಲ್ಲರಿಗೂ ನೆನಪಿದೆ.

ಸಿಕ್ಕಿಂನ ಕಥೆ ನಮ್ಮಲ್ಲಿ ಬಹುಪಾಲು ಜನರಿಗೆ ಇತಿಹಾಸವೇ ಅಲ್ಲ, ಪ್ರವಾಸದ ಪ್ಯಾಕೇಜು. ಚೋಗ್ಯಾಲ್ ಪಾಲ್ಡೆನ್ ಥೊಂಡುಪ್ ನಾಮ್ಗ್ಯಾಲ್ ಅವರ ಅರಸೊತ್ತಿಗೆಯ ವಿರುದ್ಧ 1973ರಲ್ಲಿ ಎದ್ದ ಸಿಟ್ಟು ಕೃತಕವಾಗಿರಲಿಲ್ಲ. ಬಹುಸಂಖ್ಯಾತ ನೇಪಾಳಿ ಮೂಲದವರ ಮತದ ತೂಕವನ್ನು ಕುಗ್ಗಿಸುವಂತೆ ಅಲ್ಲಿನ ಚುನಾವಣಾ ಪದ್ಧತಿಯನ್ನು ಹೆಣೆಯಲಾಗಿತ್ತು. 1974ರ ಚುನಾವಣೆಯಲ್ಲಿ ಕಾಜಿ ಲೆಂಡುಪ್ ದೋರ್ಜಿ ಅವರ ಪಕ್ಷ 32ರಲ್ಲಿ 31 ಸ್ಥಾನ ಗೆದ್ದಿತು. ಇಷ್ಟರ ಮಟ್ಟಿಗೆ ವಿಲೀನದ ವಾದ ಗಟ್ಟಿ. ಆದರೆ 1975ರ ಏಪ್ರಿಲ್ 9ರಂದು ಭಾರತೀಯ ಸೇನೆ ಅರಮನೆಗೆ ನುಗ್ಗಿ ಕಾವಲುಗಾರರ ಬಂದೂಕು ಕಿತ್ತುಕೊಂಡಿತು. ಐದನೇ ದಿನ, ಬೆಟ್ಟದ ನಾಡಿನಲ್ಲಿ, ಜನಮತಗಣನೆ. ಸುಮಾರು 97 ಪ್ರತಿಶತ ಮತ ವಿಲೀನಕ್ಕೆ. ಮೇ 16ಕ್ಕೆ ಸಿಕ್ಕಿಂ 22ನೇ ರಾಜ್ಯ. ನಿಧಾನವಾಗಿ, ಹೊರಗಿನ ಕಣ್ಣುಗಳೆದುರು ನಡೆಸಿದ್ದರೂ ಬಹುಶಃ ಗೆಲ್ಲುತ್ತಿದ್ದ ಮತಗಣನೆಯನ್ನು ಐದು ದಿನಗಳಲ್ಲಿ ಮುಗಿಸಿದ್ದರಿಂದ ಆದದ್ದಿಷ್ಟು: ನೇಪಾಳದಲ್ಲಿ ‘ಸಿಕ್ಕಿಮೀಕರಣ’ ಎಂಬ ಪದ ಹುಟ್ಟಿತು, ‘ಲೆಂಡುಪ್’ ಎಂಬ ಹೆಸರು ದೇಶದ್ರೋಹಿಗೆ ಬಯ್ಗುಳವಾಯಿತು. ಭಾರತದ ಪರ ಒಂದು ಮಾತಾಡಿದ ಅಲ್ಲಿನ ರಾಜಕಾರಣಿಯನ್ನು ಇವತ್ತಿಗೂ ಅದೇ ಹೆಸರಿನಿಂದ ಚುಚ್ಚುತ್ತಾರೆ.

ಬೆಂಗಳೂರಿನಿಂದ ಹಾರಿದ ಬೇಳೆ

ಭಾರತದ ಅತ್ಯಂತ ದುಬಾರಿ ಹಸ್ತಕ್ಷೇಪದ ಒಂದು ಅಧ್ಯಾಯ ಬೆಂಗಳೂರಿನಿಂದಲೇ ಹೊರಟಿತು. 1987ರ ಜೂನ್ 4ರ ಮಧ್ಯಾಹ್ನ ಇಲ್ಲಿಂದ ಐದು ಆ್ಯಂಟೊನೊವ್-32 ವಿಮಾನಗಳು ಸುಮಾರು 25 ಟನ್ ಪರಿಹಾರ ಸಾಮಗ್ರಿ ಹೊತ್ತು ಶ್ರೀಲಂಕಾದ ತಮಿಳರ ನಗರ ಜಾಫ್ನಾದ ಕಡೆ ಹಾರಿದವು. ಜೊತೆಗೆ ಬೆಂಗಾವಲಾಗಿ ಮಿರಾಜ್-2000 ಯುದ್ಧವಿಮಾನಗಳು. ಹಿಂದಿನ ದಿನ ಪರಿಹಾರ ಹೊತ್ತ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ವಾಪಸು ಕಳಿಸಿತ್ತು. ಈ ಬಾರಿ ದೆಹಲಿಯಲ್ಲಿ ಶ್ರೀಲಂಕಾದ ಹೈಕಮಿಷನರನ್ನು ಕರೆಸಿ, ನಮ್ಮ ವಿಮಾನಗಳು ಹೋಗುತ್ತಿವೆ, ತಡೆದರೆ ಪರಿಣಾಮ ನೆಟ್ಟಗಿರುವುದಿಲ್ಲ ಎಂದು ತಿಳಿಸಲಾಯಿತು. ಕಾರ್ಯಾಚರಣೆಗೆ ಇಟ್ಟ ಹೆಸರು ‘ಪೂಮಾಲೈ’, ಅಂದರೆ ಹೂಮಾಲೆ. ಆಕಾಶದಿಂದ ಬಿದ್ದ ಮೂಟೆಗಳಲ್ಲಿ ಬೇಳೆಯೂ ಇದ್ದುದರಿಂದ ಶ್ರೀಲಂಕನ್ನರು ಅದಕ್ಕೆ ಇಟ್ಟ ಹೆಸರು ‘ಪರಿಪ್ಪು ಡ್ರಾಪ್’. ಹೂಮಾಲೆ ಎಂದು ನಾವು ಎಸೆದದ್ದು ಅವರ ನೆನಪಿನಲ್ಲಿ ಬೇಳೆಯಾಗಿ ಉಳಿದಿದೆ, ಅದರ ಮೇಲೊಂದು ಗೇಲಿಯೂ ಸೇರಿ.

ಅದಕ್ಕೂ ಹಿಂದಿನದು ಇನ್ನೂ ತೊಡಕಿನದು. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ನಡೆದ ಭೀಕರ ಹತ್ಯಾಕಾಂಡದ ನಂತರ ಸಾವಿರಾರು ಜನ ಪಾಕ್ ಜಲಸಂಧಿ ದಾಟಿ ಬಂದರು. ತಮಿಳುನಾಡು ಕುದಿಯುತ್ತಿತ್ತು. ಇಂದಿರಾ ಗಾಂಧಿ ಸರ್ಕಾರ ಒಂದು ಕೈಯಲ್ಲಿ ಜಿ. ಪಾರ್ಥಸಾರಥಿ ಅವರನ್ನು ಸಂಧಾನಕ್ಕೆ ಕಳಿಸಿತು, ಇನ್ನೊಂದು ಕೈಯಲ್ಲಿ ತಮಿಳು ಉಗ್ರರ ಗುಂಪುಗಳಿಗೆ ಗುಪ್ತಚರ ಸಂಸ್ಥೆಯ ಮೂಲಕ ಭಾರತದ ನೆಲದಲ್ಲೇ ತರಬೇತಿ ಕೊಡಿಸಿತು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ. ಅಧಿಕೃತವಾಗಿ ಇಂಥ ಶಿಬಿರಗಳೇ ಇರಲಿಲ್ಲ.

1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜೆ.ಆರ್. ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಕೊಲಂಬೊದಲ್ಲಿ ಕರ್ಫ್ಯೂ. ಮರುದಿನ ಗೌರವ ರಕ್ಷೆಯ ಸಾಲಿನಲ್ಲಿದ್ದ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ರಾಜೀವ್ ಅವರ ಮೇಲೆ ಬೀಸಿದ. ಒಪ್ಪಂದದಲ್ಲಿ ತಮಿಳರಿಗೆ ಪ್ರಾಂತೀಯ ಆಡಳಿತದ ಭರವಸೆಯಿತ್ತು. ಜೊತೆಗೆ ಲಗತ್ತಿಸಿದ ಪತ್ರಗಳನ್ನು ಓದಿದರೆ ದೆಹಲಿಯ ಮನಸ್ಸು ಇನ್ನೂ ಚೆನ್ನಾಗಿ ಕಾಣುತ್ತದೆ: ತ್ರಿಂಕೋಮಲಿ ಬಂದರನ್ನು ಭಾರತಕ್ಕೆ ಕೇಡಾಗುವಂತೆ ಯಾವ ದೇಶದ ಸೇನೆಗೂ ಕೊಡಬಾರದು, ಅಲ್ಲಿನ ತೈಲ ಸಂಗ್ರಹಾಗಾರವನ್ನು ಜಂಟಿಯಾಗಿ ನಡೆಸಬೇಕು, ವಿದೇಶಿ ಪ್ರಸಾರ ಕೇಂದ್ರಗಳು ಸೇನೆಯ ಬಳಕೆಗೆ ಸಿಗಬಾರದು.

ಭಾರತದ ಶಾಂತಿಪಾಲನಾ ಪಡೆ ಹೋದದ್ದು ಎಲ್‌ಟಿಟಿಇ ಹುಲಿಗಳ ಆಯುಧ ಒಪ್ಪಿಸಿಕೊಳ್ಳಲು. ಅಕ್ಟೋಬರ್ ಹೊತ್ತಿಗೆ ಅದು ಅದೇ ಹುಲಿಗಳ ಜೊತೆ ಯುದ್ಧಕ್ಕಿಳಿದಿತ್ತು. ಆ ತಿಂಗಳ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ ತುಕಡಿಯಲ್ಲಿ ಬದುಕಿ ಉಳಿದವನು ಒಬ್ಬನೇ. ಹತ್ತು ದಿನಗಳ ನಂತರ ಜಾಫ್ನಾ ಆಸ್ಪತ್ರೆಯೊಳಗೆ ಭಾರತೀಯ ಸೈನಿಕರ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಬಲಿಯಾದರು. ಸಾಲುದೀಪ ಹಚ್ಚಿ ಸ್ವಾಗತಿಸಬೇಕಾಗಿದ್ದ ತಮಿಳರಿಗೆ ನಾವು ಶತ್ರುಗಳಾದೆವು. ದಕ್ಷಿಣದ ಸಿಂಹಳರಿಗೆ ಆಕ್ರಮಣಕಾರರಂತೂ ಆಗಲೇ ಆಗಿದ್ದೆವು. ಭಾರತೀಯ ವಸ್ತುಗಳನ್ನು ಮಾರಬೇಡಿ, ಕೊಳ್ಳಬೇಡಿ ಎಂದು ಸಿಂಹಳರ ಎಡಪಂಥೀಯ ಪಕ್ಷ ಜೆವಿಪಿ ಬೆದರಿಸಿತು. ಹೊಸ ಅಧ್ಯಕ್ಷ ಪ್ರೇಮದಾಸ ನಮ್ಮ ಸೈನ್ಯವನ್ನು ಹೊರಗಟ್ಟಲು ಹುಲಿಗಳಿಗೇ ಆಯುಧ ಕೊಟ್ಟರು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹಡಗು ಹತ್ತಿತು. ಸತ್ತವರು 1,100ಕ್ಕೂ ಹೆಚ್ಚು. ಮದರಾಸಿನಲ್ಲಿ ಅವರನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ.

ಮುಂದಿನದು ಕನ್ನಡಿಗರಿಗೆ ಗೊತ್ತು. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಹತ್ಯೆ, ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಹತ್ಯೆಯ ಸಂಚುಕೋರ ಶಿವರಾಸನ್ ಮತ್ತು ಸಂಗಡಿಗರ ಹೆಣಗಳು. ಬೇಳೆ ಹೊತ್ತ ವಿಮಾನಗಳು ಇದೇ ಊರಿನಿಂದ ಹಾರಿ ಆಗ ಬರೀ ನಾಲ್ಕು ವರ್ಷವಾಗಿತ್ತು.

ಆ ಒಪ್ಪಂದದಿಂದ ಹುಟ್ಟಿದ 13ನೇ ತಿದ್ದುಪಡಿ ಶ್ರೀಲಂಕಾದ ಸಂವಿಧಾನದಲ್ಲಿ ಇನ್ನೂ ಇದೆ. ಭೂಮಿ ಮತ್ತು ಪೊಲೀಸ್ ಅಧಿಕಾರ ಪ್ರಾಂತ್ಯಗಳ ಕೈಗೆ ಇನ್ನೂ ಬಂದಿಲ್ಲ. ಭಾರತದ ‘ವಿಸ್ತರಣಾವಾದ’ದ ಬಗ್ಗೆ ಕಾರ್ಯಕರ್ತರಿಗೆ ಪಾಠ ಹೇಳಿಕೊಡುತ್ತಿದ್ದ ಅದೇ ಜೆವಿಪಿಯ ನಾಯಕ ಅನುರ ಕುಮಾರ ದಿಸ್ಸನಾಯಕೆ 2024ರಲ್ಲಿ ಅಧ್ಯಕ್ಷರಾಗಿ ಮೊದಲ ವಿದೇಶ ಪ್ರವಾಸಕ್ಕೆ ಬಂದದ್ದು ದೆಹಲಿಗೆ. ಇದು ಹೇಗಾಯಿತು? 2022ರಲ್ಲಿ ಶ್ರೀಲಂಕಾ ದಿವಾಳಿಯಾಗಿ ಜನ ಗ್ಯಾಸಿಗೆ, ಪೆಟ್ರೋಲಿಗೆ, ಹಾಲಿನ ಪುಡಿಗೆ ಸಾಲು ನಿಂತಿದ್ದಾಗ ಭಾರತ ಸುಮಾರು 400 ಕೋಟಿ ಡಾಲರ್ ನೆರವು ನೀಡಿತು. ಉಳಿದವರು ಇನ್ನೂ ಷರತ್ತುಗಳ ಕಾಗದ ಓದುತ್ತಿದ್ದರು. ಒಲೆ ಆರಿಸಿದ್ದು ನೆನಪಿರುವ ಹಾಗೆ ಒಲೆ ಹೊತ್ತಿಸಿದ್ದೂ ನೆನಪಿರುತ್ತದೆ.

ಒಂದು ರಾತ್ರಿ, ಎಪ್ಪತ್ತಾರು ಜನ

ಇದಕ್ಕೆ ವಿರುದ್ಧವಾದ ಅನುಭವ ಮಾಲ್ಡೀವ್ಸ್‌ನದು. 1988ರ ನವೆಂಬರ್ 3ರ ಬೆಳಗಿನ ಜಾವ ಅಬ್ದುಲ್ಲಾ ಲುತುಫಿ ಎಂಬ ಉದ್ಯಮಿ ಶ್ರೀಲಂಕಾದ ತಮಿಳು ಬಾಡಿಗೆ ಬಂಟರನ್ನು ಇಳಿಸಿ ಸರ್ಕಾರ ಉರುಳಿಸಲು ಹೊರಟ. ಅಧ್ಯಕ್ಷ ಗಯೂಮ್ ಅಡಗಿಕೊಂಡು ನೆರವು ಕೇಳಿದರು. ಆಗ್ರಾದಿಂದ ಹಾರಿದ ನಮ್ಮ ಪ್ಯಾರಾ ಯೋಧರು ಅದೇ ರಾತ್ರಿ ಹುಲುಲೆ ವಿಮಾನ ನಿಲ್ದಾಣದಲ್ಲಿ ಇಳಿದರು, ಬೆಳಗಾಗುವಷ್ಟರಲ್ಲಿ ಮಾಲೆ ಹಿಡಿತಕ್ಕೆ ಬಂದಿತ್ತು. ಒತ್ತೆಯಾಳುಗಳೊಂದಿಗೆ ಓಡುತ್ತಿದ್ದ ಹಡಗನ್ನು ನೌಕಾಪಡೆ ಸಮುದ್ರದಲ್ಲಿ ತಡೆಯಿತು. ಬಹುಪಾಲು ಸೈನಿಕರು ಬೇಗನೆ ಮರಳಿದರು. 1971ರಲ್ಲೂ ಹೀಗೆಯೇ: ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಶರಣಾಗತಿ, ಮಾರ್ಚ್ 12ಕ್ಕೆ ಅಲ್ಲೇ ನಮ್ಮ ಸೇನೆಯ ಬೀಳ್ಕೊಡುಗೆ ಪಥಸಂಚಲನ. ಮೂರು ತಿಂಗಳೂ ತುಂಬಿರಲಿಲ್ಲ.

ಹಾಗಾದರೆ ಅದೇ ಮಾಲ್ಡೀವ್ಸ್ 2023ರಲ್ಲಿ ‘ಇಂಡಿಯಾ ಔಟ್’ ಎಂದದ್ದೇಕೆ? ಅಲ್ಲಿದ್ದುದು ನೂರಕ್ಕಿಂತ ಕಡಿಮೆ ಸಿಬ್ಬಂದಿ. ಎರಡು ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ. ದ್ವೀಪಗಳಿಂದ ರೋಗಿಗಳನ್ನು ಹೊತ್ತು ತರುವುದೇ ಅವರ ಮುಖ್ಯ ಕೆಲಸವಾಗಿತ್ತು. ಸಿಟ್ಟಿನ ಬೇರು ಬೇರೆಡೆ ಇತ್ತು. ಉತುರು ತಿಲಾ ಫಲ್ಹು ಎಂಬಲ್ಲಿ ಕರಾವಳಿ ಕಾವಲು ಪಡೆಯ ಬಂದರು ಕಟ್ಟಲು 2021ರಲ್ಲಿ ಆದ ಒಪ್ಪಂದದಲ್ಲಿ ಏನಿದೆ ಎಂದು ಅಲ್ಲಿನ ಸರ್ಕಾರ ಜನರಿಗೆ ಹೇಳಲೇ ಇಲ್ಲ. ಮುಚ್ಚಿಟ್ಟ ಕಾಗದದಲ್ಲಿ ಜನ ತಮಗೆ ಬೇಕಾದುದನ್ನು ಓದಿಕೊಂಡರು. ಮೊಹಮ್ಮದ್ ಮುಯಿಝು ಆ ಅಲೆಯ ಮೇಲೆ ಗೆದ್ದರು. ಪ್ರಧಾನಿ ಮೋದಿಯ ಲಕ್ಷದ್ವೀಪದ ಫೋಟೊ, ಅದಕ್ಕೆ ಮಾಲ್ಡೀವ್ಸ್‌ನ ಮೂವರು ಉಪಸಚಿವರ ಅವಹೇಳನ, ನಮ್ಮ ಮೊಬೈಲ್ ದೇಶಭಕ್ತರ ಬಹಿಷ್ಕಾರದ ಕರೆ ಎಲ್ಲವೂ ಆಯಿತು.

ಆಮೇಲೆ ದೆಹಲಿ ಮಾಡಿದ್ದು ನನಗೆ ಈ ಇಡೀ ಇತಿಹಾಸದಲ್ಲೇ ಜಾಣತನದ ನಡೆಯಾಗಿ ಕಾಣುತ್ತದೆ. ಗೊತ್ತುಮಾಡಿದ 2024ರ ಮೇ 10ರೊಳಗೆ 76 ಸೈನಿಕ ಸಿಬ್ಬಂದಿ ಹೊರಟರು, ಅವರ ಜಾಗಕ್ಕೆ ಬೆಂಗಳೂರಿನ ಎಚ್‌ಎಎಲ್‌ನ ನಾಗರಿಕ ತಂತ್ರಜ್ಞರು ಹೋದರು. ಹೆಲಿಕಾಪ್ಟರ್ ಅದೇ, ರೋಗಿಗಳ ಸಾಗಣೆ ಅದೇ, ಬದಲಾದದ್ದು ಸಮವಸ್ತ್ರ. ಅದೇ ಅಕ್ಟೋಬರ್‌ನಲ್ಲಿ ಮುಯಿಝು ದೆಹಲಿಗೆ ಬಂದು 40 ಕೋಟಿ ಡಾಲರ್‌ನ ಕರೆನ್ಸಿ ವಿನಿಮಯ ನೆರವು ಪಡೆದರು. 2025ರ ಜುಲೈನಲ್ಲಿ ಮಾಲ್ಡೀವ್ಸ್‌ನ 60ನೇ ಸ್ವಾತಂತ್ರ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಹೋದವರು ನರೇಂದ್ರ ಮೋದಿ.

ಭೂತಾನ್ ವಿಷಯದಲ್ಲಿ ಇಷ್ಟು ಜಾಣತನವಿರಲಿಲ್ಲ. 2013ರ ಜುಲೈನಲ್ಲಿ, ಅಲ್ಲಿನ ಚುನಾವಣೆಗೆ ಎರಡು ವಾರವೂ ಇಲ್ಲದಿರುವಾಗ, ಸೀಮೆಎಣ್ಣೆ ಮತ್ತು ಅಡುಗೆ ಅನಿಲಕ್ಕೆ ಭಾರತ ಕೊಡುತ್ತಿದ್ದ ಸಬ್ಸಿಡಿ ನಿಂತಿತು. ಪಂಚವಾರ್ಷಿಕ ಯೋಜನೆಯ ಅವಧಿ ಮುಗಿದಿದೆ ಎಂಬುದು ಅಧಿಕೃತ ಕಾರಣ. ಹಿಂದಿನ ವರ್ಷ ಚೀನಾದ ಪ್ರಧಾನಿಯನ್ನು ರಿಯೊದಲ್ಲಿ ಭೇಟಿಯಾಗಿದ್ದ ಭೂತಾನ್ ಪ್ರಧಾನಿ ಜಿಗ್ಮೆ ಥಿನ್ಲೆ ಅವರ ಪಕ್ಷ ಸೋತಿತು, ಸಬ್ಸಿಡಿ ಮರಳಿತು. ಕಾಕತಾಳೀಯವೇ ಇರಬಹುದು. ನಂಬಿದವರು ಕಡಿಮೆ.

ಕರೆದವರು ಯಾರು?

ದೆಹಲಿಯನ್ನು ಬಯ್ಯುವ ಉತ್ಸಾಹದಲ್ಲಿ ಒಂದು ಸಂಗತಿ ಮರೆಯುತ್ತದೆ. ಈ ಪ್ರಕರಣಗಳಲ್ಲಿ ಬಾಗಿಲು ಎಷ್ಟೋ ಬಾರಿ ಒಳಗಿನಿಂದಲೇ ತೆರೆದಿದೆ. ತ್ರಿಭುವನ್ ನಮ್ಮ ರಾಯಭಾರ ಕಚೇರಿಗೆ ತಾನಾಗಿ ಬಂದ. ಗಯೂಮ್ ಕೇಳಿಕೊಂಡರು. ಜಯವರ್ಧನೆ ಸಹಿ ಹಾಕಿದರು. 2005ರ ನವೆಂಬರ್‌ನಲ್ಲಿ ನೇಪಾಳದ ಮಾವೋವಾದಿಗಳು ಮತ್ತು ಏಳು ಪಕ್ಷಗಳು ರಾಜನ ವಿರುದ್ಧ 12 ಅಂಶಗಳ ಒಪ್ಪಂದಕ್ಕೆ ಬಂದದ್ದು ದೆಹಲಿಯಲ್ಲಿ ಕುಳಿತು. ವಿರೋಧದಲ್ಲಿದ್ದಾಗ ಭಾರತದ ಕೈ ಹಿಡಿಯುವುದು, ಅಧಿಕಾರಕ್ಕೆ ಬಂದ ಮೇಲೆ ಅದೇ ಕೈಯನ್ನು ತೋರಿಸಿ ಮತ ಕೇಳುವುದು ಅಲ್ಲಿನ ರಾಜಕಾರಣದ ಹಳೆಯ ಚಾಳಿ. ಅಪಾಯವಿರುವುದು ಕರೆದವರನ್ನೇ ದೇಶ ಎಂದು ದೆಹಲಿ ಭಾವಿಸಿಬಿಟ್ಟಾಗ.

ಬಾಂಗ್ಲಾದೇಶದಲ್ಲಿ ಆದದ್ದು ಅದೇ. ಪ್ರಧಾನಿಯಾಗಿದ್ದ ಶೇಖ್ ಹಸೀನಾ ನಮ್ಮ ಈಶಾನ್ಯದ ಬಂಡುಕೋರರನ್ನು ಹಿಡಿದುಕೊಟ್ಟರು, ಸರಕು ಸಾಗಣೆಗೆ ದಾರಿ ಬಿಟ್ಟರು. ಭಾರತಕ್ಕೆ ಅದು ದೊಡ್ಡ ಲಾಭ. ಪ್ರತಿಯಾಗಿ ದೆಹಲಿ ತನ್ನ ಎಲ್ಲ ಮೊಟ್ಟೆಗಳಿಗೂ ಒಂದೇ ಕೋಳಿಯನ್ನು ನಂಬಿತು. 2014ರ ಜನವರಿಯ ಚುನಾವಣೆಯನ್ನು ಮುಖ್ಯ ವಿರೋಧ ಪಕ್ಷ ಬಹಿಷ್ಕರಿಸಿತ್ತು. ಅದಕ್ಕೆ ಒಂದು ತಿಂಗಳ ಮೊದಲು ನಮ್ಮ ವಿದೇಶಾಂಗ ಕಾರ್ಯದರ್ಶಿ ಢಾಕಾಕ್ಕೆ ಹೋಗಿ ಜಾತೀಯ ಪಕ್ಷದ ನಾಯಕ ಎರ್ಷಾದ್ ಅವರನ್ನು ಕಂಡರು. ಚುನಾವಣೆಗೆ ನಿಲ್ಲುವಂತೆ ತಮ್ಮನ್ನು ಒತ್ತಾಯಿಸಿದರು ಎಂದು ಎರ್ಷಾದ್ ಪತ್ರಕರ್ತರ ಮುಂದೆಯೇ ಹೇಳಿಬಿಟ್ಟರು. 300 ಸ್ಥಾನಗಳಲ್ಲಿ 153 ಅವಿರೋಧ ಆಯ್ಕೆ! ಮತಗಟ್ಟೆಗೆ ಹೋಗುವ ಅವಕಾಶವೇ ಸಿಗದೆ ಬೆಳೆದ ತಲೆಮಾರು ಹತ್ತು ವರ್ಷಗಳ ನಂತರ ಬೀದಿಗಿಳಿದಾಗ ಅವರ ಸಿಟ್ಟಿನಲ್ಲಿ ಭಾರತದ ಪಾಲೂ ಇತ್ತು. 2024ರ ಆಗಸ್ಟ್ 5ರಂದು ಅಧಿಕಾರ ಬಿಟ್ಟು ಓಡಿಬಂದ ಹಸೀನಾ ಇಳಿದದ್ದು ದೆಹಲಿ ಸಮೀಪದ ಹಿಂಡನ್ ವಾಯುನೆಲೆಯಲ್ಲಿ. 2025ರ ನವೆಂಬರ್ 17ರಂದು ಢಾಕಾದ ನ್ಯಾಯಮಂಡಳಿ ಅವರ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಿತು. ಗಡೀಪಾರು ಒಪ್ಪಂದವಿದೆ, ರಾಜಕೀಯ ಸ್ವರೂಪದ ಅಪರಾಧಕ್ಕೆ ಒಪ್ಪಿಸಬೇಕಿಲ್ಲ ಎಂಬ ವಿಧಿಯೂ ಅದರಲ್ಲಿದೆ. ಆಶ್ರಯ ಕೇಳಿ ಬಂದವರನ್ನು ನೇಣಿಗೆ ಒಪ್ಪಿಸಬೇಕೆಂದು ನಾನಂತೂ ಹೇಳಲಾರೆ. ಆದರೆ ಹಸೀನಾ ದೆಹಲಿಯಲ್ಲಿರುವ ಪ್ರತಿ ದಿನವೂ ಢಾಕಾದಲ್ಲಿ 2014ರ ನೆನಪು ಹಸಿಯಾಗಿಯೇ ಇರುತ್ತದೆ.

ಇದರ ನಡುವೆ ಇನ್ನೊಂದು ಕಾಗದದ ಅವಧಿ ಮುಗಿಯಲಿದೆ. ಅದರ ಮೇಲೆ ಕನ್ನಡಿಗರೊಬ್ಬರ ಸಹಿಯಿದೆ. 1996ರ ಡಿಸೆಂಬರ್ 12ರಂದು ಪ್ರಧಾನಿ ಎಚ್.ಡಿ. ದೇವೇಗೌಡ ಮತ್ತು ಶೇಖ್ ಹಸೀನಾ ಗಂಗಾ ನೀರು ಹಂಚಿಕೆ ಒಪ್ಪಂದಕ್ಕೆ ಸಹಿ ಹಾಕಿದರು. ಅವಧಿ 30 ವರ್ಷ. 1975ರಲ್ಲಿ ಫರಕ್ಕಾ ಅಣೆಕಟ್ಟು ಕಾರ್ಯಾರಂಭ ಮಾಡಿದಾಗಿನಿಂದ ಉರಿಯುತ್ತಿದ್ದ ಜಗಳ ಅದು. ಸಣ್ಣವರಿಂದ ಪ್ರತಿಫಲ ಎಣಿಸಬಾರದು ಎಂಬ ನೀತಿಯನ್ನು ಆಗ ವಿದೇಶಾಂಗ ಸಚಿವರಾಗಿದ್ದ ಐ.ಕೆ. ಗುಜ್ರಾಲ್ ಮುಂದಿಟ್ಟಿದ್ದರು, ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಜೊತೆಗೂಡಿದರು. ಜನವರಿ 1ರಿಂದ ಮೇ 31ರವರೆಗಿನ ಬೇಸಿಗೆಯ ತಿಂಗಳುಗಳಲ್ಲಿ ಫರಕ್ಕಾದಲ್ಲಿ ಹರಿವು 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅರ್ಧ ನಿಮಗೆ, ಅರ್ಧ ನಮಗೆ. 75,000 ದಾಟಿದರೆ 40,000 ನಮಗೆ, ಉಳಿದದ್ದು ನಿಮಗೆ. ಯಾರು ಎಷ್ಟು ಪಡೆಯಬೇಕೆಂದು ಕೋಷ್ಟಕ ಹಾಕಿ ಬರೆದ ಕಾಗದ. ಅದರ ಬಗ್ಗೆ ದೂರುಗಳಿವೆ, ಆದರೆ ನಿರಾಕರಣೆಗೆ ಜಾಗವಿಲ್ಲ.

ಕಾವೇರಿಯ ವಿಷಯದಲ್ಲಿ ನಾವು ಮೇಲಿನ ಹರಿವಿನವರು. ಕೆಳಗಿನವರ ಆತಂಕ ನಮಗೆ ಹಟದಂತೆ ಕಾಣುತ್ತದೆ. ಮಹದಾಯಿಗೆ ಬಂದರೆ ನಮ್ಮ ಭಾಷೆ ಬೇರೆ. ಬಾಂಗ್ಲಾದೇಶದಲ್ಲಿ ಪದ್ಮಾ ಎನಿಸಿಕೊಳ್ಳುವ ಗಂಗೆಯ ದಂಡೆಯಲ್ಲಿರುವ ರಾಜ್‌ಶಾಹಿಯ ರೈತ ಯಾವಾಗಲೂ ಕೆಳಗಿನವನೇ, ಅವನಿಗೆ ಬೇರೆ ನದಿಯಿಲ್ಲ. ಒಪ್ಪಂದ 2026ರ ಡಿಸೆಂಬರ್‌ಗೆ ಮುಗಿಯುತ್ತದೆ, ಮುಂದಿನ ಬೇಸಿಗೆಯ ಲೆಕ್ಕ 2027ರ ಜನವರಿ 1ರಿಂದ ಶುರುವಾಗಬೇಕು. ಆ ಹೊತ್ತಿಗೆ ಮೇಜಿನ ಮೇಲೆ ಹೊಸ ಕಾಗದ ಇಲ್ಲದಿದ್ದರೆ, ಫರಕ್ಕಾದ ಗೇಟುಗಳನ್ನು ಎಷ್ಟು ತೆರೆದಿದ್ದೇವೆ ಎಂದು ದೆಹಲಿ ಹೇಳುವ ಮಾತನ್ನು ಢಾಕಾ ನಂಬುತ್ತದೆಯೇ? ರಕ್ಸೌಲ್‌ನ ಲಾರಿಗಳ ಕಥೆಯನ್ನು ಅಲ್ಲಿಯವರೂ ಕೇಳಿದ್ದಾರೆ.